ಮನೆಯೊಳಗಿನ ಶಿಲ್ಪ: ಸ್ಮರಣೆ, ಮಂಗಲ, ಅಲಂಕಾರ

ಜಿನಸೇನಾಚಾರ್ಯರ ಸಂಸ್ಕೃತ ‘ಆದಿಪುರಾಣ’ದಲ್ಲಿ ಭರತ ಚಕ್ರವರ್ತಿಯ ರಾಜ್ಯಭಾರವನ್ನು ಹೇಳುವಲ್ಲಿ ಒಂದು ಪುಟ್ಟ ಪ್ರಸಂಗವಿದೆ. ಆದಿನಾಥರ ದರ್ಶನವನ್ನು ಪಡೆದು ಅಯೋಧ್ಯೆಗೆ ಮರಳಿದ ಭರತನು ಜಿನಬಿಂಬಗಳಿಂದ ಅಲಂಕೃತವಾದ ಇಪ್ಪತ್ತನಾಲ್ಕು ಗಂಟೆಗಳನ್ನು ಮಾಡಿಸಿ, ಚಿನ್ನದ ಸರಪಳಿಗಳಲ್ಲಿ ಕಟ್ಟಿ, ಪಟ್ಟಣದ ಹೊರಬಾಗಿಲಲ್ಲಿಯೂ ಅರಮನೆಯ ದ್ವಾರಗಳಲ್ಲಿಯೂ ತೂಗುಹಾಕಿಸುತ್ತಾನೆ. ಹೋಗುವಾಗ ಬರುವಾಗ ಆ ಗಂಟೆಗಳು ಅವನ ಕಿರೀಟದ ತುದಿಗೆ ತಾಗುತ್ತವೆ. ತಾಗಿದೊಡನೆ ಅವನಿಗೆ ಇಪ್ಪತ್ತನಾಲ್ಕು ತೀರ್ಥಂಕರರ ಸ್ಮರಣೆಯಾಗುತ್ತದೆ. ಅರಸನನ್ನು ಕಂಡ ಪುರಜನರೂ ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ಮನೆಯ ಬಾಗಿಲುಗಳಿಗೆ ಅಂಥವನ್ನೇ ಕಟ್ಟಿಕೊಳ್ಳುತ್ತಾರೆ. ವಂದನೆಗಾಗಿ ಮಾಡಿದ ಮಾಲೆಯಾದುದರಿಂದ ಅದಕ್ಕೆ ‘ವಂದನಮಾಲೆ’ ಎಂಬ ಹೆಸರು ಲೋಕದಲ್ಲಿ ರೂಢಿಯಾಯಿತೆಂದು ಆಚಾರ್ಯರು ವಿವರಿಸುತ್ತಾರೆ.

ಮನೆಯನ್ನು ಶಿಲ್ಪದಿಂದ ಸಿಂಗರಿಸುವ ವಿಷಯದಲ್ಲಿ ನಮ್ಮ ಸಾಹಿತ್ಯಪರಂಪರೆಯಲ್ಲಿ ಸಿಗುವ ಬಹು ಸ್ಪಷ್ಟವಾದ ಪ್ರಸ್ತಾಪಗಳಲ್ಲಿ ಇದೂ ಒಂದು. ಒಂಬತ್ತನೆಯ ಶತಮಾನದ, ರಾಷ್ಟ್ರಕೂಟ ಅಮೋಘವರ್ಷನ ಕಾಲದ ಈ ಕೃತಿಯ ಪ್ರಸಂಗದಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದು, ಗಂಟೆಗಳು ಸುಂದರವಾಗಿವೆ, ರತ್ನಖಚಿತವಾಗಿವೆ. ಆಚಾರ್ಯರು ಅಲಂಕಾರವನ್ನು ನಿರಾಕರಿಸುವುದಿಲ್ಲ. ಎರಡನೆಯದು, ಅವು ಬಾಗಿಲಲ್ಲಿವೆ. ನೋಡಲಿ ಎಂದು ಒಂದು ಮೂಲೆಯಲ್ಲಿ ಇಟ್ಟವಲ್ಲ. ನಡೆಯುವ ದೇಹಕ್ಕೆ ತಾಗಲಿ ಎಂದು ದಾರಿಯಲ್ಲಿ ಕಟ್ಟಿದವು. ಅಂದರೆ ಅಲ್ಲಿ ಅಲಂಕಾರವು ಸ್ಮರಣೆಯ ಉಪಕರಣ.

ಇಂದಿನ ಮಂಗಳೂರಿನ ಮನೆಗಳಲ್ಲಿ ಶಿಲ್ಪಗಳಿಗೆ ಕೊರತೆಯಿಲ್ಲ. ಬಹುಮಹಡಿ ಕಟ್ಟಡಗಳ ಪಡಸಾಲೆಗಳಲ್ಲಿ ಬುದ್ಧನ ತಲೆ, ಕಂಚಿನ ನಟರಾಜ, ಹಳೆಯ ಬಾಗಿಲುವಾಡ, ಭೂತದ ಮೊಗ, ಚಿಕ್ಕ ಗೊಮ್ಮಟ ಇವೆಲ್ಲ ದೀಪದ ಬೆಳಕಿನಲ್ಲಿ ನಿಂತಿವೆ. ಇವುಗಳನ್ನು ಕಂಡಾಗ ಕೆಲವರು ‘ಸಂಸ್ಕೃತಿ ಉಳಿಯಿತು’ ಎಂದು ಸಂತೋಷಪಡುತ್ತಾರೆ; ಕೆಲವರು ‘ದೇವರನ್ನು ಷೋಕಿಯ ವಸ್ತು ಮಾಡಿದರು’ ಎಂದು ಬೇಸರಿಸುತ್ತಾರೆ. ಎರಡೂ ಮಾತುಗಳು ಅವಸರದವು. ಮನೆಯೊಳಗಿನ ಶಿಲ್ಪಕ್ಕೆ ಒಂದು ಚರಿತ್ರೆಯಿದೆ. ಅದನ್ನು ತಿಳಿಯದೆ ಹೊಗಳುವುದೂ ತೆಗಳುವುದೂ ಸಲ್ಲದು. ಆ ಚರಿತ್ರೆಯ ಕೆಲವು ಎಳೆಗಳನ್ನು ತುಳುನಾಡಿನ ನೆಲೆಯಿಂದ ಬಿಡಿಸಿ ನೋಡುವುದು ಈ ಬರಹದ ಉದ್ದೇಶ.

ಶಾಸ್ತ್ರಗಳು ಎಳೆದ ಗೆರೆ

ಮನೆಯಲ್ಲಿ ಯಾವ ಬಿಂಬ ಇರಬೇಕು, ಎಷ್ಟು ದೊಡ್ಡದಿರಬೇಕು ಎಂಬ ಪ್ರಶ್ನೆಯನ್ನು ನಮ್ಮ ಪ್ರಾಚೀನರು ಸಾಕಷ್ಟು ಗಂಭೀರವಾಗಿಯೇ ಎತ್ತಿಕೊಂಡಿದ್ದಾರೆ. ಮನೆಯಲ್ಲಿಡುವ ಪ್ರತಿಮೆಯು ಹೆಬ್ಬೆರಳಿನ ಗಿಣ್ಣಿನಿಂದ ಮೊದಲುಗೊಂಡು ಒಂದು ಗೇಣನ್ನು ಮೀರಬಾರದೆಂದು ಮತ್ಸ್ಯಪುರಾಣ ವಿಧಿಸುತ್ತದೆ. ದಿಲ್ಲಿಯಲ್ಲಿ ಅಲಾವುದ್ದೀನ್ ಖಿಲ್ಜಿಯ ಆಡಳಿತದಲ್ಲಿ ಅಧಿಕಾರಿಯಾಗಿದ್ದ ಜೈನ ವಿದ್ವಾಂಸ ಠಕ್ಕುರ ಫೇರು 1315ರಲ್ಲಿ ಪ್ರಾಕೃತದಲ್ಲಿ ರಚಿಸಿದ ‘ವಾಸ್ತುಸಾರ’ವು ಹನ್ನೊಂದು ಅಂಗುಲದವರೆಗಿನ ಬಿಂಬವನ್ನು ಮನೆಯಲ್ಲಿಯೂ ಅದಕ್ಕಿಂತ ದೊಡ್ಡದನ್ನು ಜಿನಾಲಯದಲ್ಲಿಯೂ ಪೂಜಿಸಬೇಕೆನ್ನುತ್ತದೆ. ಇದು ಕೇವಲ ಅಳತೆಯ ಮಾತಲ್ಲ. ಪ್ರತಿಷ್ಠೆಗೊಂಡ ಬಿಂಬವು ನಿತ್ಯದ ಅಭಿಷೇಕ, ಪೂಜೆ, ಶುಚಿಗಳನ್ನು ಬೇಡುತ್ತದೆ. ಗೃಹಸ್ಥನ ಬದುಕು ಎಷ್ಟು ಹೊಣೆಯನ್ನು ಹೊರಬಲ್ಲದು ಎಂಬುದರ ಅಂದಾಜು ಆ ಅಂಗುಲಗಳಲ್ಲಿದೆ. ದೊಡ್ಡ ಬಿಂಬದ ಹೊಣೆ ಸಮುದಾಯದ್ದು, ಚಿಕ್ಕದರದು ಮನೆಯವರದು.

ಅದೇ ಗ್ರಂಥದಲ್ಲಿ ಇನ್ನೊಂದು ಮಾತಿದೆ. ಭಿನ್ನವಾದ ಬಿಂಬವನ್ನು ಪೂಜಿಸಬಾರದೆಂಬುದು ಸಾಮಾನ್ಯ ನಿಯಮವಾದರೂ, ನೂರು ವರ್ಷಕ್ಕೂ ಹಳೆಯದಾದ, ಉತ್ತಮ ಪುರುಷರಿಂದ ಸ್ಥಾಪಿತವಾದ ಬಿಂಬ ಅಂಗವಿಕಲವಾಗಿದ್ದರೂ ಅದರ ಪೂಜೆ ನಿಷ್ಫಲವಲ್ಲವೆಂದು ಫೇರು ಹೇಳುತ್ತಾನೆ. ಕಾಲವೇ ವಸ್ತುವಿಗೆ ಒಂದು ಮಾನ್ಯತೆಯನ್ನು ಕೊಡುತ್ತದೆಂಬ ತಿಳಿವು ಇದು. ಆರೂವರೆ ಶತಮಾನಗಳ ಬಳಿಕ ಭಾರತದ ಸಂಸತ್ತು 1972ರಲ್ಲಿ ಅಂಗೀಕರಿಸಿದ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯೂ ಶಿಲ್ಪವೊಂದು ‘ಪುರಾವಸ್ತು’ ಎನಿಸಿಕೊಳ್ಳಲು ನೂರು ವರ್ಷಗಳ ಮಿತಿಯನ್ನೇ ಇಟ್ಟಿತು. ಇದು ಆಕಸ್ಮಿಕ ಹೋಲಿಕೆ, ಒಂದಕ್ಕೊಂದು ಸಂಬಂಧವಿಲ್ಲ. ಆದರೂ ಒಂದು ವ್ಯತ್ಯಾಸವನ್ನು ಅದು ಚೆನ್ನಾಗಿ ತೋರಿಸುತ್ತದೆ. ನೂರು ವರ್ಷ ತುಂಬಿದ ಮೇಲೆ ಫೇರುವಿನ ದೃಷ್ಟಿಯಲ್ಲಿ ಭಿನ್ನಬಿಂಬವು ಪೂಜೆಯೊಳಗೇ ಉಳಿಯುತ್ತದೆ. ನಮ್ಮ ಕಾಲದಲ್ಲಿ ಅದೇ ವಯಸ್ಸು ಆ ಬಿಂಬವನ್ನು ಸಂಗ್ರಹದ ವಸ್ತುವನ್ನಾಗಿಸುತ್ತದೆ.

ಪೂಜೆಗಲ್ಲದ, ಕೇವಲ ಅಲಂಕಾರದ ಚಿತ್ರಗಳ ವಿಷಯದಲ್ಲಿ ವಿಷ್ಣುಧರ್ಮೋತ್ತರ ಪುರಾಣದ ಮೂರನೆಯ ಖಂಡದ ಚಿತ್ರಸೂತ್ರವನ್ನು ನೋಡಬೇಕು. ಶೃಂಗಾರ, ಹಾಸ್ಯ, ಶಾಂತ ಈ ಮೂರು ರಸಗಳ ಚಿತ್ರಗಳು ಮಾತ್ರ ಮನೆಗೆ ಯೋಗ್ಯ. ಉಳಿದ ರಸಗಳು ದೇವಾಲಯಕ್ಕೆ, ಅರಸನ ಸಭೆಗೆ ಸಲ್ಲುತ್ತವೆ ಎಂದು ಅದು ಹೇಳುತ್ತದೆ. ಯುದ್ಧ, ಸ್ಮಶಾನ, ಸಾವು, ದುಃಖಗಳ ಚಿತ್ರಣ ಮನೆಯಲ್ಲಿ ಕೂಡದು. ಇದು ವರ್ಣಚಿತ್ರವನ್ನು ಕುರಿತ ಮಾತೆಂದು ಆಕ್ಷೇಪಿಸಬಹುದು. ಆದರೆ ಶಿಲ್ಪಶಾಸ್ತ್ರಗಳ ಪರಿಭಾಷೆಯಲ್ಲಿ ಸುತ್ತಲೂ ಬಿಡಿಸಿದ ಮೂರ್ತಿಗೇ ‘ಚಿತ್ರ’ವೆಂದು, ಉಬ್ಬುಶಿಲ್ಪಕ್ಕೆ ‘ಅರ್ಧಚಿತ್ರ’ವೆಂದು, ಬಣ್ಣದ ಬರಹಕ್ಕೆ ‘ಚಿತ್ರಾಭಾಸ’ವೆಂದು ಹೆಸರಿರುವುದನ್ನು ನೆನೆದರೆ ಈ ವಿವೇಚನೆಯನ್ನು ಶಿಲ್ಪಕ್ಕೂ ಅನ್ವಯಿಸಲು ಅಡ್ಡಿಯಿಲ್ಲ.

ಮೂಡುಬಿದಿರೆಯ ಎರಡು ಕಂಬಗಳು

ಈ ಮಾತು ನಮ್ಮ ನೆಲದಲ್ಲಿ ಹೇಗೆ ಕಾಣಿಸಿಕೊಂಡಿತೆಂಬುದಕ್ಕೆ ಮಂಗಳೂರಿನಿಂದ ಮೂವತ್ತೈದು ಕಿಲೋಮೀಟರ್ ಆಸುಪಾಸಿನಲ್ಲಿರುವ ಮೂಡುಬಿದಿರೆಗೆ ಹೋಗಬೇಕು. ಅಲ್ಲಿಯ ತ್ರಿಭುವನತಿಲಕ ಚೂಡಾಮಣಿ ಬಸದಿಯ ನಿರ್ಮಾಣ ಆರಂಭವಾದುದು 1430ರ ಹೊತ್ತಿಗೆ, ವಿಜಯನಗರದ ಇಮ್ಮಡಿ ದೇವರಾಯನ ಕಾಲದಲ್ಲಿ. ಅದರ ಕಂಬಗಳ ಕೆತ್ತನೆಯಲ್ಲಿ ಒಂದು ಇನ್ನೊಂದರಂತಿಲ್ಲವೆಂಬುದು ಪ್ರಸಿದ್ಧ. ಭೈರಾದೇವಿ ಮಂಟಪದ ಜಗತಿಯಲ್ಲಿ ಜಿರಾಫೆಯನ್ನೂ ಚೀನೀ ಮಾದರಿಯ ಡ್ರ್ಯಾಗನ್ನನ್ನೂ ಹೋಲುವ ಆಕೃತಿಗಳಿವೆ. ಕಡಲ ವ್ಯಾಪಾರದ ಸುದ್ದಿ ಕಲ್ಲುಕುಟಿಗನ ಉಳಿಯವರೆಗೆ ತಲುಪಿತ್ತೆಂಬುದಕ್ಕೆ ಇವು ಸಾಕ್ಷಿಯೆಂದು ವಿದ್ವಾಂಸರು ಉಲ್ಲೇಖಿಸುವುದುಂಟು.

ಬಸದಿಯಿಂದ ಅನತಿದೂರದಲ್ಲಿ ಚೌಟರ ಅರಮನೆಯಿದೆ. ಉಳ್ಳಾಲ, ಪುತ್ತಿಗೆ, ಮೂಡುಬಿದಿರೆಗಳಿಂದ ಆಳಿದ, ಅಬ್ಬಕ್ಕ ದೇವಿಯಂಥ ರಾಣಿಯರನ್ನು ಕೊಟ್ಟ ಜೈನ ಮನೆತನ ಚೌಟರದು. ಅರಮನೆಯೆಂಬ ಹೆಸರಿದ್ದರೂ ಅದು ಮೂಲತಃ ಮರ, ಮಣ್ಣು, ಹೆಂಚುಗಳ ತುಳುನಾಡ ಮನೆ; ಮನೆತನದವರು ಈಗಲೂ ಬಾಳುತ್ತಿರುವ ಮನೆ. ಅದರ ಚಾವಡಿಯ ಮರದ ಕಂಬಗಳಲ್ಲಿ ಎರಡು ಕೆತ್ತನೆಗಳು ನಾಡಿನಾಚೆಗೂ ಹೆಸರಾಗಿವೆ. ಒಂದು ‘ನವನಾರೀ ಕುಂಜರ’: ಒಂಬತ್ತು ಮಂದಿ ಸ್ತ್ರೀಯರ ದೇಹಗಳು ಒಂದರೊಳಗೊಂದು ಹೆಣೆದುಕೊಂಡು ಆನೆಯೊಂದರ ಆಕಾರವಾಗಿದೆ. ಇನ್ನೊಂದು ‘ಪಂಚನಾರೀ ತುರಗ’: ಐವರು ಸ್ತ್ರೀಯರು ಸೇರಿ ಕುದುರೆಯಾಗಿದ್ದಾರೆ. ದೂರದಿಂದ ಕಂಡರೆ ಪ್ರಾಣಿ. ಹತ್ತಿರ ಹೋದರೆ ಒಬ್ಬಳ ತೋಳು ಇನ್ನೊಬ್ಬಳ ಬೆನ್ನು. ನೋಡುವವನ ಮುಖದಲ್ಲಿ ನಗು ಮೂಡದೆ ಇರುವುದಿಲ್ಲ.

ಬಸದಿಯ ಕಂಬವನ್ನೂ ಅರಮನೆಯ ಕಂಬವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಚಿತ್ರಸೂತ್ರದ ವಿವೇಕ ಅರ್ಥವಾಗುತ್ತದೆ. ಅರಸನ ಸಭೆಗೆ ಎಲ್ಲ ರಸಗಳಿಗೂ ಅನುಮತಿಯಿದ್ದರೂ ಈ ಆಚಾರಿಯು ಆರಿಸಿಕೊಂಡದ್ದು ಶೃಂಗಾರ ಮತ್ತು ಹಾಸ್ಯ. ಆತ ಶಾಸ್ತ್ರವನ್ನು ಓದಿ ಕೆತ್ತಿದನೆಂದು ನಾನು ಹೇಳುತ್ತಿಲ್ಲ. ನವನಾರೀ ಕುಂಜರದ ಕಲ್ಪನೆ ಭಾರತದ ಅನೇಕ ಕಡೆಗಳ ಚಿತ್ರಗಳಲ್ಲಿ ಹರಡಿಕೊಂಡಿದ್ದದ್ದೇ. ಆದರೆ ಬಾಳುವ ಮನೆಯಲ್ಲಿ ಏನಿರಬೇಕು ಎಂಬ ಔಚಿತ್ಯಪ್ರಜ್ಞೆ ಶಾಸ್ತ್ರಕಾರನಿಗೂ ಕುಶಲಕರ್ಮಿಗೂ ಸಮಾನವಾಗಿತ್ತು ಎನ್ನಬಹುದು. ಇದೇ ಮೂಡುಬಿದಿರೆಯ ಕವಿ ರತ್ನಾಕರವರ್ಣಿ ಹದಿನಾರನೆಯ ಶತಮಾನದಲ್ಲಿ ‘ಭರತೇಶ ವೈಭವ’ವನ್ನು ಬರೆದು ಭೋಗದ ನಡುವೆಯೇ ಯೋಗಿಯಾಗಿದ್ದ ಭರತನನ್ನು ಚಿತ್ರಿಸಿದ್ದನ್ನು ಇಲ್ಲಿ ನೆನೆಯಬೇಕು. ಜೈನ ಮನೆತನದ ಚಾವಡಿಯಲ್ಲಿ ಶೃಂಗಾರದ ಶಿಲ್ಪವೇಕೆ ಎಂದು ಹುಬ್ಬೇರಿಸುವವರಿಗೆ ಆ ಕಾವ್ಯದ ಲೋಕದೃಷ್ಟಿಯಲ್ಲಿ ಉತ್ತರವಿದೆ. ಸೌಂದರ್ಯವನ್ನು ಕಾಣುವುದು ದೋಷವಲ್ಲ, ಅದಕ್ಕೆ ಅಂಟಿಕೊಳ್ಳುವುದು ದೋಷ.

ಭಾರ ಹೊತ್ತ ಶಿಲ್ಪ

ಚೌಟರ ಅರಮನೆಯ ಆ ಕೆತ್ತನೆಗಳು ಇರುವುದು ಕಂಬದ ಮೇಲೆ ಎಂಬುದನ್ನು ಮರೆಯಬಾರದು. ಆ ಕಂಬ ಮಾಡನ್ನು ಹೊತ್ತಿದೆ. ತುಳುನಾಡಿನ ಗುತ್ತು, ಬೀಡುಗಳ ಶಿಲ್ಪದ ಮುಖ್ಯ ಲಕ್ಷಣವೇ ಇದು. ಅಲ್ಲಿ ಮನೆಗೆ ‘ತಂದಿಟ್ಟ’ ಶಿಲ್ಪ ಬಹು ಕಡಿಮೆ; ಮನೆಯ ಅಂಗವಾಗಿಯೇ ಹುಟ್ಟಿದ ಶಿಲ್ಪ ಹೆಚ್ಚು. ದಾರಂದದ ಮೇಲಡ್ಡದಲ್ಲಿ ಗಜಲಕ್ಷ್ಮಿ, ಕೆಳಗೆ ಬಳ್ಳಿಯ ಸಾಲು, ಕಂಬದ ತಲೆಯಲ್ಲಿ ತೊಲೆಯನ್ನು ಹೊರುವ ಬೋದಿಗೆ, ಅದರ ತುದಿಯಲ್ಲಿ ಬಾಳೆಯ ಮೊಗ್ಗಿನಂತೆ ಇಳಿಬಿದ್ದ ಕೆತ್ತನೆ, ತೊಲೆಯ ಮೂತಿಯಲ್ಲಿ ಆನೆಯ ಇಲ್ಲವೆ ಯಾಳಿಯ ಮುಖ, ಅಂಗಳದಲ್ಲಿ ತುಳಸಿಕಟ್ಟೆ. ಬೀಡುಗಳ ಮನೆಬಸದಿಗಳಲ್ಲಿ ಬಾಗಿಲ ಮೇಲಣ ಲಲಾಟದಲ್ಲಿ ಪದ್ಮಾಸನದ ಜಿನಬಿಂಬ. ಭೃಂಗಾರ, ಕಲಶ, ದರ್ಪಣ, ಚಾಮರ, ಧ್ವಜ, ವ್ಯಜನ, ಛತ್ರ, ಸುಪ್ರತಿಷ್ಠ ಎಂಬ ಅಷ್ಟಮಂಗಲಗಳು ಜೈನ ಆವರಣದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಇವೆಲ್ಲ ಮಂಗಲದ ಶಿಲ್ಪಗಳು. ಇವುಗಳನ್ನು ಯಾರೂ ನಿಂತು ‘ನೋಡುವುದಿಲ್ಲ’. ಇವುಗಳ ನಡುವೆ ಬದುಕುತ್ತಾರೆ.

ಹತ್ತೊಂಬತ್ತನೆಯ ಶತಮಾನದ ಮಂಗಳೂರು ಈ ಕ್ರಮವನ್ನು ಸ್ವಲ್ಪ ಬದಲಿಸಿತೇ ಹೊರತು ಮುರಿಯಲಿಲ್ಲ. 1865ರಲ್ಲಿ ಬಾಸೆಲ್ ಮಿಶನ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ನೇತ್ರಾವತಿಯ ಜೇಡಿ ಮಣ್ಣು ಅಚ್ಚಿನಲ್ಲಿ ಬಿದ್ದು ಹೆಂಚಾಗಿ, ಮಾಡಿನ ಮುಡಿಯ ಅಲಂಕಾರವಾಗಿ, ಗಾಳಿಕಿಂಡಿಯ ಜಾಲರಿಯಾಗಿ ಮನೆಮನೆಗೆ ತಲುಪಿತು. ಆಚಾರಿಯ ಉಳಿ ಒಂದೊಂದು ಮನೆಗೆ ಒಂದೊಂದು ಬಗೆಯಾಗಿ ಕೊಡುತ್ತಿದ್ದುದನ್ನು ಅಚ್ಚು ಎಲ್ಲರಿಗೂ ಒಂದೇ ಬಗೆಯಾಗಿ ಕೊಟ್ಟಿತು. ಕ್ರೈಸ್ತರ ಹಳೆಯ ಮನೆಗಳ ಪಡಸಾಲೆಯ ಗೋಡೆಯಲ್ಲಿ ಮರದ ಆಲ್ತಾರು, ಅದರೊಳಗೆ ಸಂತರ ಪುಟ್ಟ ಪ್ರತಿಮೆಗಳು. ಬಗೆ ಬೇರೆಯಾದರೂ ತತ್ತ್ವ ಒಂದೇ: ಶಿಲ್ಪಕ್ಕೆ ಮನೆಯಲ್ಲಿ ಒಂದು ನಿಯತ ಸ್ಥಾನ, ಒಂದು ನಿಯತ ಕೆಲಸ.

ಬಿಡಿಬಿಡಿಯಾದ ಮನೆಗಳು

ಹಾಗಾದರೆ ಶಿಲ್ಪವು ಮನೆಯ ಅಂಗವಾಗಿದ್ದುದು ಮನೆಯೊಳಗಿನ ವಸ್ತುವಾದದ್ದು ಯಾವಾಗ? ತುಳುನಾಡಿನ ಮಟ್ಟಿಗೆ ಉತ್ತರವನ್ನು ಕಲೆಯ ಚರಿತ್ರೆಯಲ್ಲಿ ಅಲ್ಲ, ಆಸ್ತಿಯ ಚರಿತ್ರೆಯಲ್ಲಿ ಹುಡುಕಬೇಕು. ಅಳಿಯಸಂತಾನ ಪದ್ಧತಿಯ ಕುಟುಂಬಗಳಲ್ಲಿ ಮನೆಯು ಯಾರೊಬ್ಬರದೂ ಆಗಿರಲಿಲ್ಲ. ಹೆಣ್ಣಿನ ಸಂತತಿಯ ಎಲ್ಲರದೂ ಆಗಿತ್ತು. 1949ರ ಮದರಾಸು ಅಳಿಯಸಂತಾನ ಕಾಯಿದೆ ಪಾಲಿಗೆ ದಾರಿ ಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಅದನ್ನು ಮುಂದುವರಿಸಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಉಳುವವನಿಗೆ ಹೊಲವನ್ನು ಕೊಟ್ಟಿತು. ಇದು ನ್ಯಾಯವೇ ಆಗಿತ್ತು. ಗುತ್ತಿನ ಚಾವಡಿಯ ಕೆತ್ತನೆಯ ಹಿಂದೆ ಗೇಣಿಯ ಅಕ್ಕಿಯಿತ್ತು, ಗದ್ದೆಯಲ್ಲಿ ಬಗ್ಗಿದವರ ಬೆನ್ನಿತ್ತು ಎಂಬುದನ್ನು ಮರೆತು ಹಳೆಯ ಮನೆಗಳಿಗಾಗಿ ಹಲುಬುವುದು ಪ್ರಾಮಾಣಿಕವಲ್ಲ. ಆದರೆ ಗೇಣಿ ನಿಂತ ಮೇಲೆ ಅಂಥ ಮಾಡಿನ ಹೆಂಚನ್ನು ವರ್ಷವರ್ಷ ಸರಿಪಡಿಸುವ ಶಕ್ತಿ ಉಳಿಯಲಿಲ್ಲ. ಪಾಲಾದ ಮನೆಯನ್ನು ಕಾಯುವವರಿಲ್ಲವಾದರು. ಮನೆಗಳು ಇಳಿದವು. ಇಳಿದ ಮನೆಯ ಮರ ಮಾರಾಟಕ್ಕೆ ಬಂತು.

ಇಲ್ಲಿ ನನ್ನದೇ ಒಂದು ತಪ್ಪನ್ನು ದಾಖಲಿಸಬೇಕು. ಬೆಳ್ತಂಗಡಿ ತಾಲೂಕಿನ ನಮ್ಮ ತಾಯಿಯ ಕುಟುಂಬದ ಮನೆಯನ್ನು 1998ರ ಬೇಸಗೆಯಲ್ಲಿ ಕೆಡವಲಾಯಿತು. ಹಿರಿಯ ಮಾವ ತೀರಿಕೊಂಡು ಎರಡು ವರ್ಷವಾಗಿತ್ತು. ಪಾಲುದಾರರು ಹನ್ನೊಂದು ಮಂದಿ. ಊರಿನಲ್ಲಿದ್ದವರು ಯಾರೂ ಇಲ್ಲ. ಹಳೆಯ ಮರ ಕೊಳ್ಳುವ ವ್ಯಾಪಾರಿಯೊಬ್ಬರು ಬಂದು ಚಾವಡಿಯ ನಾಲ್ಕು ಬೋದಿಗೆಗಳನ್ನೂ ದಾರಂದವನ್ನೂ ಒಟ್ಟು ಮರದ ಲೆಕ್ಕದಲ್ಲಿಯೇ ಕೇಳಿದರು. ಓದಿದವನೆಂಬ ಕಾರಣಕ್ಕೆ ಕಾಗದಕ್ಕೆ ರುಜು ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಅಮ್ಮ ಒಂದೇ ಮಾತು ಕೇಳಿದರು: “ಗಿಳಿಯ ಬೋದಿಗೆಯನ್ನಾದರೂ ಇಟ್ಟುಕೊಳ್ಳಬಾರದೇ ಮಗಾ?” ನಾಲ್ಕರಲ್ಲಿ ಒಂದರ ಮೇಲೆ ಎದುರುಬದುರಾಗಿ ಎರಡು ಗಿಳಿಗಳಿದ್ದವು, ಉಯ್ಯಾಲೆಯ ಸರಪಳಿ ಬಡಿದು ಒಂದರ ಕೊಕ್ಕು ಮುರಿದಿತ್ತು. ಅದನ್ನು ಮುರಿದವನು ನಾನೇ, ಏಳನೆಯ ವಯಸ್ಸಿನಲ್ಲಿ. “ಎರಡು ಕೋಣೆಯ ಬಾಡಿಗೆಮನೆಯಲ್ಲಿ ಅದನ್ನು ಎಲ್ಲಿ ಇಡುವುದಮ್ಮ?” ಎಂದೆ. ಆಗ ನಾನು ಪ್ರಾಚೀನ ಕನ್ನಡ ಕಾವ್ಯಗಳಲ್ಲಿಯ ನಗರವರ್ಣನೆಯನ್ನು ಕುರಿತು ಮಹಾಪ್ರಬಂಧಕ್ಕೆ ಟಿಪ್ಪಣಿ ಮಾಡುತ್ತಿದ್ದೆ. ಕಾವ್ಯದಲ್ಲಿ ಬರುವ ಮಾಡ, ಮತ್ತವಾರಣ, ಸಾಲಭಂಜಿಕೆಗಳ ಪಟ್ಟಿ ನನ್ನ ಚೀಲದಲ್ಲಿತ್ತು. ನಮ್ಮ ಚಾವಡಿಯ ಒಂದು ಫೋಟೋ ಕೂಡ ತೆಗೆಯಲಿಲ್ಲ.

ಮೂರು ದಾರಿಗಳು

ಹೀಗೆ ಕಳಚಿದ ಶಿಲ್ಪಗಳಿಗೆ ಮೂರು ದಾರಿಗಳು ತೆರೆದುಕೊಂಡವು. ಮೊದಲನೆಯದು ಸಂಗ್ರಹಾಲಯ. ಮಂಗಳೂರಿನ ಬಿಜೈಯಲ್ಲಿರುವ ಶ್ರೀಮಂತಿ ಬಾಯಿ ಸ್ಮಾರಕ ಸರ್ಕಾರಿ ವಸ್ತು ಸಂಗ್ರಹಾಲಯ ಸ್ವತಃ ಒಂದು ಮನೆ. ಹಡಗಿನ ಆಕಾರದ ಆ ಕಟ್ಟಡವನ್ನು 1935ರಲ್ಲಿ ಕರ್ನಲ್ ವಿ. ಆರ್. ಮಿರಜ್‌ಕರ್ ಕಟ್ಟಿಸಿದರು, 1955ರಲ್ಲಿ ತಾಯಿಯ ನೆನಪಿಗಾಗಿ ಅದನ್ನು ಕೊಟ್ಟರು, 1960ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಮನೆಯೇ ಶಿಲ್ಪಗಳಿಗೆ ನೆಲೆಯಾದ ಈ ಬಗೆಯಲ್ಲಿ ಮಗನ ಸ್ಮರಣೆಯೂ ಊರಿನ ಸ್ಮರಣೆಯೂ ಒಂದಾಗಿವೆ. ಇನ್ನೊಂದು ಉದಾಹರಣೆ ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನದು. ಅಲ್ಲಿಯ ನಂದಿಕೇಶ್ವರ ಕ್ಷೇತ್ರದ ಹಳೆಯ ಮರದ ಭೂತಮೂರ್ತಿಗಳಲ್ಲಿ ಹಲವು 1960ರ ದಶಕದಲ್ಲಿ ಹೊಸ ಮೂರ್ತಿಗಳಿಗೆ ಎಡೆಬಿಟ್ಟು ದಿಲ್ಲಿಯ ಕರಕುಶಲ ವಸ್ತು ಸಂಗ್ರಹಾಲಯವನ್ನು ಸೇರಿದವು. ಜೀರ್ಣವಾದ ಮೂರ್ತಿಯನ್ನು ನೀರಿಗೆ ಬಿಡುವುದು ಇಲ್ಲಿಯ ರೂಢಿ. ಶಕ್ತಿಯು ಹೊಸ ಮರಕ್ಕೆ ಹೋದ ಮೇಲೆ ಹಳೆಯದು ಮರ ಮಾತ್ರ ಎಂಬುದು ಭಕ್ತರ ತಿಳಿವಳಿಕೆ. ನೀರಿಗೆ ಹೋಗಬೇಕಾದ್ದು ದಿಲ್ಲಿಗೆ ಹೋಗಿ ಉಳಿಯಿತು. ಉಳಿದದ್ದು ಮೂರ್ತಿಯೋ ಮರವೋ ಎಂಬ ಪ್ರಶ್ನೆಯನ್ನು ಸಂಶೋಧಕರು ಸುಲಭವಾಗಿ ಬಿಡಿಸಲಾರರು.

ಎರಡನೆಯ ದಾರಿಯನ್ನು ತೋರಿಸಿದವರು ಮಣಿಪಾಲದ ವಿಜಯನಾಥ ಶೆಣೈ. ಬ್ಯಾಂಕಿನ ಉದ್ಯೋಗಿಯಾಗಿದ್ದ ಅವರು ಕೆಡವುತ್ತಿದ್ದ ಹಳೆಯ ಮನೆಗಳ ಕಂಬ, ಬಾಗಿಲು, ಕೆತ್ತನೆಗಳನ್ನು ತಂದು ತಮ್ಮ ವಾಸದ ಮನೆ ‘ಹಸ್ತಶಿಲ್ಪ’ವನ್ನು ಕಟ್ಟಿಕೊಂಡರು. ಕಂಬವನ್ನು ಕಂಬವಾಗಿ, ಬಾಗಿಲನ್ನು ಬಾಗಿಲಾಗಿಯೇ ಬಳಸಿದ್ದು ಅವರ ಹೆಚ್ಚುಗಾರಿಕೆ. ಮುಂದೆ ಅವರ ಯೋಚನೆ ಬಿಡಿ ಶಿಲ್ಪದಿಂದ ಇಡೀ ಮನೆಗೆ ಬೆಳೆಯಿತು. ಮನೆಗಳನ್ನೇ ಬಿಚ್ಚಿ ತಂದು ಮರಳಿ ಜೋಡಿಸಿದ ಹಸ್ತಶಿಲ್ಪ ಪರಂಪರೆ ಗ್ರಾಮ ಮಣಿಪಾಲದಲ್ಲಿ ರೂಪುಗೊಂಡಿತು. ಶೆಣೈಯವರು 2017ರಲ್ಲಿ ತೀರಿಕೊಂಡರು. ಮನೆಯನ್ನು ಅದರ ಊರಿನಿಂದ ಕೀಳುವುದು ಸರಿಯೇ ಎಂದು ಕೇಳಬಹುದು. ಆದರೆ ಆ ಮನೆಗಳ ಪಾಲಿಗೆ ಎದುರಿಗಿದ್ದ ಇನ್ನೊಂದು ಆಯ್ಕೆ ಸೌದೆಯ ರಾಶಿ ಎಂಬುದನ್ನು ಬಲ್ಲವರು ಆ ಪ್ರಶ್ನೆಯನ್ನು ಮೆಲ್ಲನೆ ಕೇಳುತ್ತಾರೆ.

ಮೂರನೆಯ ದಾರಿ ಮಾರುಕಟ್ಟೆಯದು, ಅಲ್ಲಿಂದ ಪಡಸಾಲೆಗೆ. ಅಲ್ಲಿ ಶಿಲ್ಪಕ್ಕೆ ಊರಿಲ್ಲ, ಕೆತ್ತಿದವನ ಹೆಸರಿಲ್ಲ, ಕೆಲಸವಿಲ್ಲ. ಇದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನ ಇಂದು ಎಲ್ಲ ಮನೆಗಳಲ್ಲಿಯೂ ಕಾಣುವ ಬುದ್ಧನ ತಲೆ. ಬೌದ್ಧ ಪರಂಪರೆ ಪೂರ್ಣ ಮೂರ್ತಿಯನ್ನು ಮಾಡಿತೇ ಹೊರತು ರುಂಡವನ್ನು ಬೇರೆಯಾಗಿ ಪೂಜೆಗೆ ಇಡಲಿಲ್ಲ. ಹತ್ತೊಂಬತ್ತು, ಇಪ್ಪತ್ತನೆಯ ಶತಮಾನಗಳಲ್ಲಿ ಚೀನಾದ ಲಾಂಗ್‌ಮೆನ್ ಗುಹೆಗಳಿಂದಲೂ ಕಾಂಬೋಡಿಯಾದ ಅಂಗ್ಕೋರ್ ಪ್ರದೇಶದಿಂದಲೂ ಸಾಗಿಸಲು ಸುಲಭವೆಂದು ತಲೆಗಳನ್ನು ಕಡಿದು ಪಶ್ಚಿಮದ ಸಂಗ್ರಾಹಕರಿಗೆ ಮಾರಿದರು. ಆ ಸಂಗ್ರಹಗಳಲ್ಲಿ ಕಂಡ ರುಂಡವೇ ಕ್ರಮೇಣ ಒಂದು ಮಾದರಿಯಾಗಿ, ಅಚ್ಚಾಗಿ, ಇಂದು ರಾಳದಲ್ಲಿ ಎರಕಗೊಂಡು ನಮ್ಮ ಮೇಜಿನ ಮೇಲೆ ಶಾಂತಿಯ ಸಂಕೇತವಾಗಿದೆ. ಇಂಥ ತಲೆಗಳನ್ನಿಟ್ಟುಕೊಂಡ ಎಷ್ಟೋ ಮನೆಗಳ ಕಿಟಕಿಯಿಂದ ಕಾಣುವಷ್ಟು ದೂರದಲ್ಲಿ ಕದ್ರಿಯ ದೇವಾಲಯವಿದೆ. ಅಲ್ಲಿ ಆಳುಪ ಅರಸ ಕುಂದವರ್ಮನು ಕ್ರಿ.ಶ. 968ರಲ್ಲಿ ಪ್ರತಿಷ್ಠಾಪಿಸಿದ, ಮೂರು ಮುಖ ಆರು ತೋಳುಗಳ ಲೋಕೇಶ್ವರನ ಕಂಚಿನ ಮೂರ್ತಿ ಪೀಠದ ಶಾಸನದೊಡನೆ ಇಡಿಯಾಗಿ ಉಳಿದಿದೆ. ದಕ್ಷಿಣ ಭಾರತದ ಶ್ರೇಷ್ಠ ಕಂಚಿನ ಶಿಲ್ಪಗಳಲ್ಲೊಂದಾದ ಅದನ್ನು ನೋಡಲು ಕಾಸು ಬೇಕಿಲ್ಲ.

ಹಿಟ್ಟಿನ ಕೋಳಿಯ ಪಾಠ

‘ಅಲಂಕಾರಕ್ಕೆ ಇಟ್ಟದ್ದು, ಪೂಜೆಗಲ್ಲ, ಇದರಲ್ಲಿ ತಪ್ಪೇನು?’ ಎಂಬ ಪ್ರಶ್ನೆ ಸಹಜವಾದುದು. ಪ್ರತಿಷ್ಠೆಯಾಗದ ಮೂರ್ತಿ ಕೇವಲ ಕಲ್ಲು ಎಂಬುದು ಶಾಸ್ತ್ರಸಮ್ಮತವೇ. ಆದರೆ ಜೈನ ಚಿಂತನೆ ವಸ್ತುವಿಗಿಂತ ಭಾವಕ್ಕೆ ಹೆಚ್ಚು ಬೆಲೆ ಕೊಡುತ್ತದೆ. ಜನ್ನನ ‘ಯಶೋಧರ ಚರಿತೆ’ಯಲ್ಲಿ (1209) ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು ನಿಜವಾದ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಬೆಂತರವೊಂದು ಹೊಕ್ಕಿದ್ದ ಆ ಕೋಳಿ ಕತ್ತಿ ಬಿದ್ದಾಗ ಕೂಗುತ್ತದೆ. ಆ ಒಂದು ಸಂಕಲ್ಪಹಿಂಸೆಗಾಗಿ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ತೊಳಲುತ್ತಾರೆ. ಪ್ರತಿಕೃತಿಯೊಡನೆ ನಾವು ನಡೆದುಕೊಳ್ಳುವ ಬಗೆಯೂ ನಮ್ಮ ಕರ್ಮವೇ ಎಂಬುದು ಆ ಕಥೆಯ ತಿರುಳು. ಹಿಟ್ಟಿಗೆ ಸಲ್ಲುವ ಈ ಮಾತು ಕಲ್ಲಿಗೂ ಮರಕ್ಕೂ ಸಲ್ಲಬೇಡವೇ?

ಇದರ ಅರ್ಥ ಮನೆಯಲ್ಲಿ ಶಿಲ್ಪ ಇರಬಾರದೆಂದಲ್ಲ. ಮೊದಲನೆಯದಾಗಿ, ಹಳೆಯ ಬಿಂಬಗಳ ವಿಷಯದಲ್ಲಿ ಕಟ್ಟುನಿಟ್ಟು ಬೇಕು. ಬಸದಿಯಿಂದಲೋ ದೇವಸ್ಥಾನದಿಂದಲೋ ಹೊರಬಂದ ಬಿಂಬ ಮನೆಯ ಅಲಂಕಾರವಾಗಲಾರದು. 1976ರ ಏಪ್ರಿಲ್ 5ರಿಂದ ಜಾರಿಯಲ್ಲಿರುವ 1972ರ ಕಾಯಿದೆ ಇಂಥ ಹಳೆಯ ಕಲ್ಲಿನ, ಲೋಹದ ಶಿಲ್ಪಗಳ ನೋಂದಣಿಯನ್ನೂ ವ್ಯಾಪಾರಕ್ಕೆ ಪರವಾನಗಿಯನ್ನೂ ಕಡ್ಡಾಯಗೊಳಿಸಿದೆ. ‘ಎಲ್ಲಿಂದ ಬಂತು?’ ಎಂದು ಕೇಳದೆ ಕೊಳ್ಳುವವನು ಕದ್ದವನ ಪಾಲುದಾರ. ಎರಡನೆಯದಾಗಿ, ಹೊಸ ಶಿಲ್ಪಕ್ಕೆ ನಮ್ಮಲ್ಲಿ ಬರವಿಲ್ಲ. ಕಾರ್ಕಳದಲ್ಲಿ 1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಪರಂಪರೆ ಇಪ್ಪತ್ತನೆಯ ಶತಮಾನದಲ್ಲಿಯೂ ಬತ್ತಿರಲಿಲ್ಲ. ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ಅದೇ ಕಾರ್ಕಳದಲ್ಲಿ ಕಡೆದವರು ರೆಂಜಾಳ ಗೋಪಾಲ ಶೆಣೈ. 1982ರಲ್ಲಿ ಅದರ ಪ್ರತಿಷ್ಠೆ ನೆರವೇರಿತು. ಕಾರ್ಕಳ ಬಳಿಯ ಮಿಯಾರಿನ ಸಿ. ಇ. ಕಾಮತ್ ಕುಶಲಕರ್ಮಿಗಳ ಸಂಸ್ಥೆಯಲ್ಲಿ ತರುಣರು ಇಂದಿಗೂ ಕಲ್ಲು, ಮರ, ಲೋಹಗಳ ಕೆಲಸವನ್ನು ಕಲಿಯುತ್ತಾರೆ. ಮನೆ ಕಟ್ಟುವವರು ಒಂದು ಬಾಗಿಲಿನ ಮೇಲಡ್ಡವನ್ನೋ ಒಂದು ಕಂಬವನ್ನೋ ಜೀವಂತವಾಗಿರುವ ಶಿಲ್ಪಿಯಿಂದ, ಆತನ ಹೆಸರು ಕೇಳಿ, ಮಾಡಿಸಿಕೊಂಡರೆ ಶಿಲ್ಪವು ಮತ್ತೆ ಮನೆಯ ಅಂಗವಾಗುತ್ತದೆ.

ಮೂರನೆಯ ಮಾತು ವಿದ್ಯಾರ್ಥಿಗಳಿಗೆ. ಕಾವ್ಯದ ವರ್ಣನೆಗಳಿಂದ ಮನೆಯ ಚಿತ್ರವನ್ನು ಕಟ್ಟುವ ಪ್ರಬಂಧಗಳು ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಸಾಕಷ್ಟಿವೆ, ನನ್ನದೂ ಒಂದು. ನಿಮ್ಮ ಊರಿನಲ್ಲಿ ಒಂದು ಹಳೆಯ ಮನೆ ಇಳಿಯುತ್ತಿದೆಯೆಂದರೆ ಓದುವುದನ್ನು ನಾಲ್ಕು ದಿನ ನಿಲ್ಲಿಸಿ ಅಲ್ಲಿಗೆ ಹೋಗಿ. ಕೆತ್ತನೆಯ ಚಿತ್ರ ತೆಗೆದರೆ ಸಾಲದು. ಅದು ಮನೆಯ ಯಾವ ದಿಕ್ಕಿನಲ್ಲಿತ್ತು, ಯಾವ ಮರದ್ದು, ಯಾವುದನ್ನು ಹೊತ್ತಿತ್ತು, ಕೆತ್ತಿದ ಆಚಾರಿಯ ಮನೆತನ ಯಾವುದು, ಮನೆಯ ಹೆಂಗಸರು ಅದನ್ನು ಏನೆಂದು ಕರೆಯುತ್ತಿದ್ದರು ಎಂಬುದನ್ನು ಬರೆದುಕೊಳ್ಳಿ. ಶಿಲ್ಪ ಮಾರಾಟವಾಗಬಹುದು, ಈ ಐದು ಸಂಗತಿಗಳು ಮಾರಾಟವಾಗುವುದಿಲ್ಲ, ಕಳೆದೇ ಹೋಗುತ್ತವೆ.

ಕಳೆದ ಮಳೆಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬರ ಹೊಸ ಮನೆಗೆ ಹೋಗಿದ್ದೆ. ಕದ್ರಿಯ ಸಮೀಪ, ಒಂಬತ್ತನೆಯ ಮಹಡಿ. ಪಡಸಾಲೆಯ ನಡುವೆ ಗಾಜಿನ ಹಲಗೆಯ ಒಂದು ಮೇಜು. ಅದಕ್ಕೆ ಕಾಲಾಗಿ ನಿಂತದ್ದು ತಲೆಕೆಳಗಾದ ಒಂದು ಬೋದಿಗೆ. ಅದರ ಮೇಲೆ ಗಿಳಿಗಳು. “ಸರ್, ಇದು ಎಷ್ಟು ಹಳೆಯದಿರಬಹುದು, ನೀವೇ ಹೇಳಬೇಕು” ಎಂದು ಆಕೆ ಸಂಭ್ರಮದಿಂದ ಕೇಳಿದರು. ನಾನು ಉತ್ತರಿಸುವ ಮೊದಲು ನೆಲಕ್ಕೆ ಬಗ್ಗಿ ಕೊಕ್ಕುಗಳನ್ನು ನೋಡಿದೆ. ಎರಡೂ ಸರಿಯಾಗಿದ್ದವು. ನಮ್ಮ ಮನೆಯದಲ್ಲ.

ಮೊದಲು ಸಮಾಧಾನವೆನಿಸಿತು, ಮರುಗಳಿಗೆಗೆ ಆ ಸಮಾಧಾನದ ಬಗ್ಗೆ ನಾಚಿಕೆಯಾಯಿತು. ನಮ್ಮದಲ್ಲದಿದ್ದರೆ ಇನ್ನೊಬ್ಬರ ಚಾವಡಿಯದು. ಅಲ್ಲಿಯೂ ಯಾರೋ ತಾಯಿ ‘ಇದೊಂದನ್ನಾದರೂ’ ಎಂದು ಕೇಳಿರಬೇಕು. ಅಷ್ಟು ತೂಕದ ಮಾಡನ್ನು ತಲೆಮಾರುಗಟ್ಟಲೆ ಹೊತ್ತ ಮರ ಈಗ ಒಂದು ಗಾಜನ್ನೂ ಎರಡು ಚಹಾದ ಲೋಟಗಳನ್ನೂ ಹೊತ್ತಿತ್ತು. ವಯಸ್ಸನ್ನು ಅಂದಾಜು ಮಾಡಿ ಹೇಳಿದೆ. ಬಳಿಕ, ಇದು ಮೇಜಿನ ಕಾಲಲ್ಲ, ತೊಲೆಯನ್ನು ಹೊರುತ್ತಿದ್ದ ಬೋದಿಗೆ, ಗಿಳಿಗಳು ಈಗ ತಲೆಕೆಳಗಾಗಿವೆ ಎಂಬುದನ್ನೂ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಯಾವ ಊರಿನದೆಂದು ಅಂಗಡಿಯವರಲ್ಲಿ ಕೇಳಿ ನೋಡುತ್ತೇನೆ ಸರ್” ಎಂದರು. ತಿಂಗಳ ಬಳಿಕ ಫೋನ್ ಮಾಡಿದರು. ಊರು ತಿಳಿಯಲಿಲ್ಲವಂತೆ, ಆದರೆ ಮೇಜನ್ನು ಬಿಚ್ಚಿ, ಬೋದಿಗೆಯನ್ನು ನೆಟ್ಟಗೆ ತಿರುಗಿಸಿ, ಒಳಬಾಗಿಲಿನ ಪಕ್ಕದ ಗೋಡೆಯಲ್ಲಿ ಹೋಗುವಾಗ ಬರುವಾಗ ಕೈಗೆ ತಾಗುವ ಎತ್ತರದಲ್ಲಿ ಕೂಡಿಸಿದ್ದಾರಂತೆ. ಜಿನಸೇನಾಚಾರ್ಯರ ಪ್ರಸಂಗವನ್ನು ನಾನು ಆಕೆಗೆ ಹೇಳಿರಲಿಲ್ಲ.